ಚೆಂಡಿಯಾದ ಸಹನಟಿ

ಕಳೆದ ತಿಂಗಳು ಮಗಳ ಜೊತೆ ಗೋವಾಕ್ಕೆ ಹೋಗುವಾಗ ಕಾರವಾರಕ್ಕಿಂತ ಮೊದಲು ಅಮದಳ್ಳಿಯ ಹತ್ತಿರ ಚಹಾಕ್ಕೆಂದು ಕಾರು ನಿಲ್ಲಿಸಿದೆವು. ಅಂಗಡಿಯ ಗೋಡೆಗೆ ಮುಗಿದುಹೋದ ಚುನಾವಣೆಯ ಪೋಸ್ಟರೊಂದು ಇನ್ನೂ ಅಂಟಿಕೊಂಡಿತ್ತು. ಅದರಲ್ಲಿ ಟೀವಿ ಧಾರಾವಾಹಿಯ ನಟನೊಬ್ಬ ಕೈಮುಗಿದು ನಿಂತಿದ್ದ. ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು ಅಂಗಡಿಯವರು ಹೇಳಿದರು, "ಇಲ್ಲೇ ಬಂದಿದ್ರು, ನೀವು ಕೂತ ಬೆಂಚಲ್ಲೇ ಕೂತಿದ್ರು. ರಸ್ತೆ ತುಂಬಾ ಕ್ಯಾಮೆರಾ."

"ಎಂತಾ ಮಾತಾಡಿದ್ರು?" ಎಂದೆ.

"ಅದು ಯಾರಿಗೆ ನೆನಪಿರ್ತದೆ ಮಾರಾಯ್ರೆ. ಚಾಕ್ಕೆ ಸಕ್ಕರೆ ಬೇಡ ಅಂದ್ರು. ಅದು ಪೇಪರ್ನಲ್ಲೂ ಬಂತು."

ಮಗಳು ನಕ್ಕಳು. ನನಗೆ ನಗು ಬರಲಿಲ್ಲ. ಅಲ್ಲಿಂದ ಮುಂದೆ ಹೆದ್ದಾರಿಯ ಪಕ್ಕಕ್ಕೆ ನೌಕಾನೆಲೆಯ ಗೋಡೆ ಶುರುವಾಗುತ್ತದೆ. ಕಾರು ಅದರ ಉದ್ದಕ್ಕೂ ಹೋಗುತ್ತಿದ್ದಾಗ, ಆ ಗೋಡೆ ಇಲ್ಲದಿದ್ದ ಕಾಲದಲ್ಲಿ ನಾನು ಇಲ್ಲಿ ಕಳೆದ ಒಂದು ಕೊಯ್ಲಿನ ಹಂಗಾಮು ನೆನಪಾಯಿತು. ಕಾರವಾರ ಬಿಟ್ಟ ಮೇಲೆ ಅದನ್ನು ಯಾರಿಗೂ ಹೇಳಿಲ್ಲ. ಮನೆಯಲ್ಲೂ ಹೇಳಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹುಬ್ಬಳ್ಳಿಯ ಒಂದು ಪತ್ರಿಕೆ ನನ್ನನ್ನು ಕಾರವಾರಕ್ಕೆ ವರದಿಗಾರನನ್ನಾಗಿ ಹಾಕಿತ್ತು. ನಾನು ಗದಗಿನ ಕಡೆಯ ಎರೆ ಹೊಲದ ಊರಿನವನು. ಸಮುದ್ರ ಕಂಡದ್ದೇ ಆಗ. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕೋಣೆ, ಅದರಲ್ಲೊಂದು ಮೇಜು, ಒಂದು ಫೋನು. ಅದೇ ಕಚೇರಿ. ವಾಸಕ್ಕೆ ಕೋಡಿಬಾಗದಲ್ಲಿ ಒಂದು ಮನೆಯ ಹಿಂಭಾಗ. ಮನೆಯವರು ಒಳ್ಳೆಯವರೇ, ಆದರೆ ಮನೆಯಲ್ಲೆಲ್ಲ ಕೊಂಕಣಿ. ನಾನು ಅಂಗಳದಲ್ಲಿ ಹಾದು ಹೋದರೆ ಮನೆಯೊಡತಿ "ಜೇವಣ ಜಾಲೆಂ?" ಎಂದು ಕೇಳುತ್ತಿದ್ದರು. ಊಟ ಆಯಿತೇ ಎಂದು. ನಾನು ಕಲಿತಿದ್ದ ಒಂದೇ ಮಾತು "ಜಾಲೆಂ". ಉಣ್ಣದ ದಿನವೂ ಅದನ್ನೇ ಹೇಳಿ ಒಳಗೆ ಹೋಗುತ್ತಿದ್ದೆ. ಕೆಲವು ದಿನ ನನ್ನ ಬಾಯಿಂದ ಹೊರಟ ಮಾತು ಅದೊಂದೇ ಆಗಿರುತ್ತಿತ್ತು.

ದಿನವಿಡೀ ಸುದ್ದಿ ಕೂಡಿಹಾಕಿ, ಕೈಯಲ್ಲೇ ಬರೆದು, ಕವರಿಗೆ ಹಾಕಿ ಸಂಜೆಯ ಹುಬ್ಬಳ್ಳಿ ಬಸ್ಸಿನ ಕಂಡಕ್ಟರನ ಕೈಗೆ ಕೊಡುವುದು ನನ್ನ ಕೆಲಸ. ಬರೆದದ್ದರಲ್ಲಿ ಮುಕ್ಕಾಲು ಪಾಲು ಅಚ್ಚಾಗುತ್ತಿರಲಿಲ್ಲ. ನೌಕಾನೆಲೆಗೆಂದು ಚೆಂಡಿಯಾ, ಅರ್ಗಾ ಕಡೆ ಜಮೀನು ಬಿಡಬೇಕೆಂದು ನೋಟೀಸು ಬಂದಿತ್ತು. ಅದರ ಬಗ್ಗೆ ನಾಲ್ಕು ಸಲ ಬರೆದೆ. ಒಮ್ಮೆ ಒಳಪುಟದ ಮೂಲೆಯಲ್ಲಿ ಐದು ಸಾಲು ಬಂತು.

ಹೀಗಿರುವಾಗ ಚುನಾವಣೆ ಬಂತು. ಒಂದು ಪಕ್ಷ ಬೆಂಗಳೂರಿನಿಂದ ಸಿನಿಮಾ ನಟಿಯೊಬ್ಬರನ್ನು ತಂದು ಇಲ್ಲಿ ನಿಲ್ಲಿಸಿತು. ಅವರ ಹೆಸರು ಬೇಡ. ಹತ್ತು ವರ್ಷದ ಹಿಂದೆ ಒಂದು ಚಿತ್ರದಲ್ಲಿ ತಮ್ಮಂದಿರನ್ನು ಸಾಕುವ ತುಂಗಕ್ಕನ ಪಾತ್ರ ಮಾಡಿ ನಾಡನ್ನೆಲ್ಲ ಅಳಿಸಿದ್ದರು. ಜನ ಅವರನ್ನು ಕರೆಯುತ್ತಿದ್ದದ್ದೂ ತುಂಗಕ್ಕ ಎಂದೇ. ಈಗ ನಲವತ್ತರ ಆಸುಪಾಸು. ಸಿನಿಮಾ ಕಡಿಮೆಯಾಗಿತ್ತು.

ಅಂದೇ ಸುದ್ದಿ ಸಂಪಾದಕರ ಫೋನು ಬಂತು. "ತಮ್ಮಾ, ನಸೀಬ ತಗದೈತಿ ನಿಂದು. ಆಕಿ ಹಿಂದನ ಇರು. ಸೀರಿ ಬಣ್ಣ ಯಾವದು ಬರಿ, ಏನ್ ತಿಂದ್ಲು ಬರಿ. ಭಾಷಣ ಎರಡ ಸಾಲ ಸಾಕು."

ನಾನು ಹಾಗೇ ಮಾಡಿದೆ. ಬೇಲೆಕೇರಿಯಲ್ಲಿ ನೀಲಿ ಸೀರೆ, ಅಂಕೋಲೆಯಲ್ಲಿ ಹಳದಿ. ಒಂದು ಮನೆಯಲ್ಲಿ ಬಂಗಡೆ ಸಾರಿನ ಊಟ, ಇನ್ನೊಂದು ಮನೆಯಲ್ಲಿ ಎಳನೀರು. ದಿನವೂ ಮುಖಪುಟದಲ್ಲಿ ಬರುತ್ತಿತ್ತು. ನಾವು ನಾಲ್ವರು ವರದಿಗಾರರು, ಒಬ್ಬ ಸ್ಟುಡಿಯೊ ಫೋಟೋಗ್ರಾಫರ್, ಎಲ್ಲ ಪಕ್ಷದವರೇ ಕೊಟ್ಟ ಜೀಪಿನಲ್ಲಿ ಅವರ ಹಿಂದೆ ತಿರುಗುತ್ತಿದ್ದೆವು. ಆ ಜೀಪು ಹತ್ತದೆ ಬರುತ್ತಿದ್ದವರು ಒಬ್ಬರೇ. ಅಂಕೋಲೆಯ ರಾಮದಾಸ ಮಾಸ್ತರರು. ಶಾಲೆಯಿಂದ ನಿವೃತ್ತರಾಗಿ ಒಂದು ವಾರಪತ್ರಿಕೆಗೆ ಬರೆಯುತ್ತಿದ್ದರು. ಬಸ್ಸು ಇದ್ದಲ್ಲಿ ಬಸ್ಸು, ಇಲ್ಲದಲ್ಲಿ ಸೈಕಲ್ಲು. ನಾವು ಒಂದು ಊರು ಮುಗಿಸಿ ಹೊರಡುವ ಹೊತ್ತಿಗೆ ಬೆವರು ಒರೆಸಿಕೊಳ್ಳುತ್ತ ಬಂದು ಇಳಿಯುತ್ತಿದ್ದರು.

ಆ ದಿನ ಬೆಳಿಗ್ಗೆ ಹಟ್ಟಿಕೇರಿಯಲ್ಲಿ ಶುರುವಾಯಿತು. ಮಳೆ ಬಿಟ್ಟು ಗದ್ದೆಗಳೆಲ್ಲ ಕೊಯ್ಲಿಗೆ ಬಂದಿದ್ದವು. ನಟಿಯ ಕೈಗೆ ಯಾರೋ ಕೊಯ್ಯುವ ಕತ್ತಿ ಕೊಟ್ಟರು. "ಇನ್ನೊಂದ್ ಸಲ ಕೊಯ್ರಿ ಮೇಡಂ, ಮುಖ ಈ ಬದಿಗೆ" ಎಂದು ಫೋಟೋಗ್ರಾಫರ್ ಮೂರು ಸಲ ಕೊಯ್ಯಿಸಿದ. ಅಲ್ಲಿಂದ ಅವರ್ಸಾ, ಹಾರವಾಡ. ಚೆಂಡಿಯಾ ಮುಟ್ಟುವಾಗ ಮಧ್ಯಾಹ್ನ ಮೂರು ದಾಟಿತ್ತು.

ಚೆಂಡಿಯಾದ ಜನ ಜೈಕಾರ ಹಾಕಲಿಲ್ಲ. ರಸ್ತೆ ಬದಿ ಸುಮ್ಮನೆ ನಿಂತಿದ್ದರು. ಒಬ್ಬರು ಮುಂದೆ ಬಂದು, "ನಮ್ಮ ಜಾಗದ ವಿಷ್ಯ ಎಂತಾ ಮಾಡ್ತ್ರಿ, ಅಷ್ಟು ಹೇಳಿ" ಎಂದರು. ನಟಿ ಕೈಯಲ್ಲಿದ್ದ ಚೀಟಿ ನೋಡಿಕೊಂಡು, "ನಿಮ್ಮ ಜೊತೆ ನಾನಿದ್ದೇನೆ" ಎಂದರು. ಮುಂದೆ ಏನೋ ಹೇಳಲು ಹೋಗಿ ನಿಲ್ಲಿಸಿದರು. ಮೈಕು ಕೆಳಗಿಟ್ಟು ಜೀಪಿನಿಂದ ಇಳಿದು, ಯಾರನ್ನೂ ಕರೆಯದೆ, ಗದ್ದೆಯ ಬದುವಿನ ಮೇಲೆ ಒಬ್ಬರೇ ನಡೆದು ಒಂದು ಹಂಚಿನ ಮನೆಯೊಳಗೆ ಹೋದರು. ಹಿಂದೆ ಹೊರಟ ಪಕ್ಷದವರನ್ನು ಕೈ ಮಾಡಿ ತಡೆದರು.

ಕಾಲು ಗಂಟೆಯಾದರೂ ಬರಲಿಲ್ಲ. ನಾವು ಜೀಪಿಗೆ ಒರಗಿ ಬೀಡಿ ಸಿಗರೇಟು ಹಚ್ಚಿದ್ದೆವು.

"ಒಳಗೆ ಎಂತಾ ನಡೀತಾ ಉಂಟು?" ಎಂದ ಒಬ್ಬ.

"ಶೂಟಿಂಗು" ಎಂದ ಇನ್ನೊಬ್ಬ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ಅವರು ಜಗಲಿಗೆ ಬಂದರು. ಪಕ್ಕದಲ್ಲಿ ಆ ಮನೆಯ ಹೆಂಗಸು, ಐವತ್ತು ದಾಟಿದವರು. ಇಬ್ಬರೂ ಅಳುತ್ತಿದ್ದರು. ನಟಿ ಅವರ ಕೈ ಹಿಡಿದಿದ್ದರು. ಫೋಟೋಗ್ರಾಫರ್ ಗದ್ದೆಯಲ್ಲೇ ಓಡಿಹೋಗಿ ಒಂದೆರಡು ಚಿತ್ರ ತೆಗೆದ.

ರಾಮದಾಸ ಮಾಸ್ತರರು ಆಗಷ್ಟೇ ಸೈಕಲ್ಲಿನಿಂದ ಇಳಿದಿದ್ದರು. "ತಮಾ, ಆ ಅಮ್ಮನ ಹತ್ರ ಹೋಗಿ ಒಂದ್ ಮಾತು ಕೇಳುದಲ್ವಾ?" ಎಂದರು.

"ಬಸ್ಸಿಗೆ ಹೊತ್ತಾಯ್ತು ಮಾಸ್ತರ್ರೆ" ಎಂದೆ. ಬಸ್ಸಿಗೆ ಇನ್ನೂ ಎರಡು ತಾಸು ಇತ್ತು.

ಕೋಣೆಗೆ ಬಂದು ಬರೆದೆ. ಬರೆಯುತ್ತ ಬರೆಯುತ್ತ ನನಗೇ ರುಚಿ ಹತ್ತಿತು. ಆ ಸಾಲುಗಳು ಇವತ್ತಿಗೂ ಬಾಯಿಗೆ ಬರುತ್ತವೆ: "ಚೆಂಡಿಯಾದ ಜಗಲಿಯಲ್ಲಿ ತುಂಗಕ್ಕ ಹತ್ತು ವರ್ಷದ ಬಳಿಕ ಮತ್ತೆ ಅತ್ತರು. ಸ್ಥಳೀಯ ಸಹನಟಿಯೊಬ್ಬರು ತಕ್ಕ ಸಾಥ್ ನೀಡಿದರು. ಗ್ಲಿಸರಿನ್ ಸೀಸೆ ಯಾರ ಬಳಿಯಿತ್ತೆಂಬುದು ತಿಳಿದುಬರಲಿಲ್ಲ." ಫೋಟೋದ ಜೊತೆ ಕವರಿಗೆ ಹಾಕಿ ಬಸ್ಸಿಗೆ ಕೊಟ್ಟೆ.

ಮೂರನೆಯ ದಿನ ಸಂಪಾದಕರ ಫೋನು. "ಭಾಳ ಛಲೋ ಬರದಿ. ನಗಿ ತಡಕೊಳ್ಳಾಕ ಆಗಲಿಲ್ಲ. ಇಂಥಾದ್ದು ಬೇಕು ನೋಡು." ಕೆಲಸಕ್ಕೆ ಸೇರಿದ ಮೇಲೆ ಯಾರಾದರೂ ನನ್ನನ್ನು ಹೊಗಳಿದ್ದು ಅದೇ ಮೊದಲು. ಯಾರಿಗಾದರೂ ಹೇಳಬೇಕು ಅನ್ನಿಸಿತು. ಸಮುದ್ರದ ದಂಡೆಯ ಮೇಲೆ ಆ ತುದಿಯಿಂದ ಈ ತುದಿಗೆ ನಡೆದೆ. ಬಲೆ ಒಣಗಿಸುವವರು ಇದ್ದರು, ಕುಟುಂಬ ಸಮೇತ ಬಂದವರು ಇದ್ದರು, ಪರಿಚಯದ ಮುಖ ಒಂದೂ ಇರಲಿಲ್ಲ. ಕೊನೆಗೆ ಮನೆಗೆ ಹೋಗಿ ಮನೆಯೊಡತಿಗೆ ಪತ್ರಿಕೆ ತೋರಿಸಿದೆ. ಅವರು ಫೋಟೋ ನೋಡಿ, ತಲೆಯಾಡಿಸಿ, ಊಟ ಆಯಿತೇ ಎಂದು ಕೇಳಿದರು.

ಎರಡೇ ದಿನದಲ್ಲಿ ಎದುರಾಳಿ ಪಕ್ಷದ ಆಟೋಗಳಲ್ಲಿ ನನ್ನ ಸಾಲು ಕೇಳತೊಡಗಿತು. "ಗ್ಲಿಸರಿನ್ ಅಕ್ಕನ ಕಣ್ಣೀರಿಗೆ ಮೋಸಹೋಗಬೇಡಿ!" ಬಿಣಗಾದ ಕಾರ್ಖಾನೆ ಕಾರ್ಮಿಕರ ಮನೆಗಳ ಮುಂದೆ ನಟಿಯ ಜೀಪು ಹೋಗುವಾಗ ಹುಡುಗರು ಕಣ್ಣು ತಿಕ್ಕಿಕೊಂಡು ಅತ್ತಂತೆ ಮಾಡಿ ಕೂಗುತ್ತಿದ್ದರು. ಹಿಂದಿನ ಜೀಪಿನಲ್ಲಿ ಕೂತ ನನ್ನ ಬೆನ್ನು ತಟ್ಟಿ ಜೊತೆಯವರು, "ನಿಂದೇ ಸ್ಲೋಗನ್ನು ಮಾರಾಯ" ಎಂದರು. ಮೊದಲ ದಿನ ಹೆಮ್ಮೆಯೆನಿಸಿತ್ತು. ಎರಡನೆಯ ದಿನ ನಾನು ಆ ಕಡೆ ನೋಡಲಿಲ್ಲ.

ಅಷ್ಟರಲ್ಲಿ ಸಂಪಾದಕರು ನಟಿಯ ಸಂದರ್ಶನ ಬೇಕೆಂದರು. ಸಮುದ್ರಕ್ಕೆ ಮುಖ ಮಾಡಿದ ಒಂದು ಲಾಡ್ಜಿನಲ್ಲಿ ಅವರು ಇಳಿದಿದ್ದರು. ಮಧ್ಯಾಹ್ನ ನಾಲ್ಕಕ್ಕೆ ಹೋದೆ. ಶಾಲು ಹೊದ್ದು ಕುರ್ಚಿಯಲ್ಲಿ ಕೂತಿದ್ದರು. ಬಣ್ಣವಿಲ್ಲದ ಮುಖ ಜ್ವರದಿಂದ ಊದಿತ್ತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹೊರಗೆ ಅಷ್ಟು ಜನ ಸೇರುವ ಹೆಂಗಸಿನ ಹತ್ತಿರ ಒಂದು ಲೋಟ ನೀರು ಕೊಡಲು ಸಹ ಯಾರೂ ಇಲ್ಲದ್ದು ಕಂಡು ನನಗೆ ಹೇಗೋ ಆಯಿತು.

"ನೀವೇ ಅಲ್ವಾ ಗ್ಲಿಸರಿನ್ ಬರೆದೋರು?" ಎಂದರು.

ನಾನು ಹೌದೆಂದೆ.

"ನಂಗೇನೂ ಬೇಜಾರಿಲ್ಲ. ಇಪ್ಪತ್ತು ವರ್ಷದಿಂದ ಬರೆಸ್ಕೊಂಡು ಅಭ್ಯಾಸ ಆಗಿದೆ. ಆದ್ರೆ ಒಂದ್ ಕೇಳ್ತೀನಿ. ಬೆಳಗ್ಗೆ ಆರಕ್ಕೆ ನನ್ನ ಜೀಪ್ ಹತ್ತಿಸ್ತಾರೆ. ಸುತ್ತ ಎಲ್ಲಾ ಗಂಡಸ್ರು. ನಿಮಗೆಲ್ಲ ಬೇಕಾದಾಗ ಜೀಪ್ ನಿಲ್ಲಿಸಿ ರಸ್ತೆ ಬದಿಗೆ ಹೋಗ್ತೀರಿ. ನಾನೆಲ್ಲಿಗೆ ಹೋಗ್ಬೇಕು?"

ನನಗೆ ಕೂಡಲೇ ಅರ್ಥವಾಗಲಿಲ್ಲ. ಅರ್ಥವಾದಾಗ ತಲೆ ತಗ್ಗಿಸಿದೆ.

"ಅದಕ್ಕೇ ಹೆದರಿ ದಿನಾ ನೀರೇ ಕುಡೀತಿರಲಿಲ್ಲ. ಆವತ್ತು ತಡೆಯೋಕೆ ಆಗ್ಲಿಲ್ಲ. ಹತ್ತಿರ ಕಂಡ ಮನೆಗೆ ನುಗ್ಗಿದೆ. ಆ ಅಮ್ಮನಿಗೆ ನಾನು ಯಾರಂತ್ಲೇ ಗೊತ್ತಿಲ್ಲ. ಯಾರಮ್ಮಾ ನೀನು ಅಂದ್ರು. ಬಚ್ಚಲು ತೋರಿಸಿದ್ರು, ಬಿಸಿನೀರು ಕೊಟ್ರು. ಹೊರಗೆ ಬಂದಾಗ ಹಣೆ ಮುಟ್ಟಿ ನೋಡಿ, ಮೈ ಸುಡ್ತದಲ್ಲೇ, ಮನೆಗೆ ಹೋಗಿ ಮಲಗು, ನಿನ್ನ ಮನೆ ಎಲ್ಲಿ ಅಂದ್ರು." ಅವರು ಶಾಲು ಬಿಗಿಯಾಗಿ ಎಳೆದುಕೊಂಡರು. "ಹೇಳೋಕೆ ನಂಗೊಂದು ಊರ ಹೆಸರೂ ಬರಲಿಲ್ಲ. ಬಾಡಿಗೆ ಮನೆ, ಲಾಡ್ಜು, ಮತ್ತೆ ಬಾಡಿಗೆ ಮನೆ. ಇಲ್ಲಮ್ಮಾ, ಮನೆ ಇಲ್ಲ ಅಂದೆ. ಅಳು ಬಂತು. ಅವರೂ ಅತ್ತರು. ಅಷ್ಟೇ ನಡೆದದ್ದು."

ನಾನು ಬರೆದುಕೊಳ್ಳಲಿಲ್ಲ. ಪೆನ್ನು ಕೈಯಲ್ಲೇ ಇತ್ತು.

"ನನ್ನ ಬಚ್ಚಲಿನ ಕತೆ ಹಾಕ್ಬೇಡಿ. ನಂದು ಹೇಗೋ ಆಗತ್ತೆ. ಆ ಅಮ್ಮನ್ನ ಯಾಕೆ ಸಹನಟಿ ಅಂದ್ರಿ? ಅದನ್ನ ಸರಿ ಮಾಡಿ" ಎಂದು ಅವರು ಎದ್ದು ಬಾಗಿಲು ತೆರೆದರು.

ಮರುದಿನ ಅಂಕೋಲೆಗೆ ಹೋಗಿ ರಾಮದಾಸ ಮಾಸ್ತರರಿಗೆ ಇದನ್ನೆಲ್ಲ ಹೇಳಿದೆ. ಅವರಿಗೆ ಇನ್ನೊಂದು ಸುದ್ದಿ ಗೊತ್ತಿತ್ತು. ಆ ಹೆಂಗಸಿನ ಹೆಸರು ಹೊನ್ನಮ್ಮ. ಗಂಡನಿಲ್ಲ, ಒಬ್ಬಳೇ ಮಗಳನ್ನು ಹಟ್ಟಿಕೇರಿಗೆ ಕೊಟ್ಟಿದ್ದಾರೆ. ಪತ್ರಿಕೆಯ ಫೋಟೋ ಕೇರಿಯೆಲ್ಲ ತಿರುಗಿ, ಹೊನ್ನಮ್ಮ ಆ ಪಕ್ಷದವರಿಂದ ಸೀರೆ ತಗೊಂಡು ಅತ್ತಳು ಎಂದು ಮಾತಾಗಿತ್ತು. ಜಮೀನು ಉಳಿಸಿಕೊಳ್ಳಲು ಊರೆಲ್ಲ ಒಟ್ಟಾಗಿದ್ದಾಗ ಒಬ್ಬಳು ಮಾರಿಕೊಂಡಳಲ್ಲ ಎಂಬ ಸಿಟ್ಟು. ಚೆಂಡಿಯಾದಲ್ಲಿ ಕೊಯ್ಲಿಗೆ ಒಬ್ಬರ ಗದ್ದೆಗೆ ಇನ್ನೊಬ್ಬರು ಹೋಗುವ ಪದ್ಧತಿ. ಆ ವರ್ಷ ಹೊನ್ನಮ್ಮನ ಗದ್ದೆಗೆ ಒಬ್ಬರೂ ಬಂದಿರಲಿಲ್ಲ, ಅವರನ್ನೂ ಯಾರೂ ಕರೆದಿರಲಿಲ್ಲ.

"ಕಾಳು ಉದುರುಕೆ ಹತ್ತಿದೆ ತಮಾ" ಎಂದರು ಮಾಸ್ತರರು. "ಇನ್ನೆಷ್ಟು ಬೆಳೆ ತೆಗೀತಾಳೋ ಆ ಗದ್ದೆಲಿ, ಅದೂ ಗೊತ್ತಿಲ್ಲ."

ನಾನು ಹೋದಾಗ ಹೊನ್ನಮ್ಮ ಒಬ್ಬರೇ ಕೊಯ್ಯುತ್ತಿದ್ದರು. ಸುತ್ತಲಿನ ಗದ್ದೆಗಳು ಬೋಳಾಗಿದ್ದವು. ಇವರದ್ದು ಮಾತ್ರ ನಡುವೆ ಒಣಗಿ ಬಾಗಿ ನಿಂತಿತ್ತು. ಪೇಪರಿನವನು ಎಂದೆ. ಅವರು ಬಗ್ಗಿದಲ್ಲಿಂದ ಏಳಲಿಲ್ಲ.

"ಮತ್ತೊಂದ್ ಫೋಟೋ ಬೇಕಾ?"

"ಇಲ್ಲಮ್ಮಾ. ಬರೆದವನು ನಾನೇ. ತಪ್ಪಾಯ್ತು ಅಂತ ಹೇಳುಕೆ ಬಂದೆ."

ಆಗ ಎದ್ದು ನಿಂತು ನನ್ನನ್ನು ನೋಡಿದರು. "ನೀನಾ? ನೀ ನಮ್ಮನೆ ಒಳಗೆ ಬಂದಿದ್ಯಾ?"

"ಇಲ್ಲ."

"ಮತ್ತೆ ಹ್ಯಾಂಗ್ ಬರ್ದೆ?"

ಅವರು ಕೊಯ್ದ ಹಿಡಿಯನ್ನು ಕೆಳಗಿಟ್ಟರು.

"ಸಹನಟಿ ಅಂದ್ರೆ ಎಂತಾ ಅಂತ ನಂಗೆ ಗೊತ್ತಿರ್ಲಿಲ್ಲ. ಓದ್ದವ್ರು ಹೇಳ್ರು. ಮಗಳ ಮನೆಲೂ ಕೇಳ್ರಂತೆ, ನಿನ್ನಮ್ಮ ಯಾವಾಗಿಂದ ನಾಟ್ಕಕ್ಕೆ ಸೇರದ್ಲು ಅಂತ. ಪಾಪ, ಜ್ವರ ಬಂದ ಹೆಂಗ್ಸು. ಮನೆ ಇಲ್ಲ ಅಂತು. ಈ ಮನೆ ಹೋದ್ರೆ ನಾನೂ ಹಾಂಗೇ ಯಾರ್ದೋ ಜಗಲಿಲಿ ನಿಂತು ಹೇಳುದಾತದಲ್ಲ ಅನ್ನಿಸ್ತು. ಅಲ್ಲಿವರಿಗೆ ನಾ ಅತ್ತಿರ್ಲಿಲ್ಲ ತಮಾ. ನೋಟೀಸ್ ಬಂದಾಗ್ಲೂ ಅತ್ತಿರ್ಲಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡರು. "ನಾ ಸೀರೆ ತಗಳ್ಲಿಲ್ಲ, ನಾಟ್ಕ ಮಾಡ್ಲಿಲ್ಲ. ಅದನ್ನ ಹಾಕು. ಅದೇ ಪೇಪರ್ನಲ್ಲಿ ಹಾಕು."

ಅಂದೇ ಬರೆದು ಕಳಿಸಿದೆ. ಬರಲಿಲ್ಲ. ಮತ್ತೆ ಕಳಿಸಿದೆ. ಫೋನು ಮಾಡಿದೆ. "ಇಲೆಕ್ಷನ್ ಮುಗೀಲಿ ತಡಿ" ಎಂದರು ಸಂಪಾದಕರು. ಮತದಾನ ಮುಗಿಯಿತು, ಎಣಿಕೆಯೂ ಮುಗಿಯಿತು. ನಟಿ ಮೂರನೆಯವರಾಗಿ ಸೋತರು. ಅದು ನನ್ನ ಸಾಲಿನಿಂದ ಎಂದು ನಾನು ಹೇಳಲಾರೆ, ಅಲ್ಲವೆಂದು ಹೇಳುವ ಧೈರ್ಯವೂ ಇಲ್ಲ. ಫಲಿತಾಂಶದ ಮರುದಿನ ಬೆಳಿಗ್ಗೆ ಲಾಡ್ಜಿಗೆ ಹೋದೆ. ಮ್ಯಾನೇಜರರು, "ಆಗ್ಲೇ ಹೋದ್ರಲ್ಲ, ಬಾಡಿಗೆ ಕಾರು ಮಾಡ್ಕಂಡು. ಕಳ್ಸುಕೆ ಯಾರೂ ಬರ್ಲಿಲ್ಲ" ಎಂದರು. ಅವರು ಊರು ಬಿಟ್ಟದ್ದನ್ನು ಯಾವ ಪತ್ರಿಕೆಯೂ ಬರೆಯಲಿಲ್ಲ. ನಾನೂ ಬರೆಯಲಿಲ್ಲ. ಮತ್ತೆ ಅವರನ್ನು ಭೇಟಿಯಾಗಲಿಲ್ಲ.

ಮತ್ತೊಮ್ಮೆ ಫೋನು ಮಾಡಿದಾಗ ಸಂಪಾದಕರಿಗೆ ಬೇಸರವಾಯಿತು. "ಈಗ ಯಾರಿಗ್ ಬೇಕೋ ಅದು? ಸೋತಾಕಿ ಹೋದ್ಲು. ಬ್ಯಾರೆ ಸುದ್ದಿ ಕಳಸು."

ಬರೆದ ಹಾಳೆಯ ಪ್ರತಿ ನನ್ನ ಹತ್ತಿರವೇ ಇತ್ತು. ಎರಡು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಮೂರನೆಯ ದಿನ ಮಾಸ್ತರರ ಹತ್ತಿರ, "ಚೆಂಡಿಯಾಕ್ಕೇ ಹೋಗಿ ಓದ್ತೇನೆ, ನೀವೂ ಬನ್ನಿ" ಎಂದೆ.

"ನಾ ಎಂತಕ್ಕೆ? ನಾ ಬಂದ್ರೆ ನಿಂಗೆ ಧೈರ್ಯ ಆಗ್ತದೆ, ಅಷ್ಟೇ. ಒಬ್ಬನೇ ಹೋಗು ತಮಾ" ಎಂದರು.

ಒಬ್ಬನೇ ಹೋದೆ. ಮಧ್ಯಾಹ್ನ. ತಡವಾಗಿ ನಾಟಿಯಾದ ಕೆಳಗಿನ ಗದ್ದೆಯೊಂದನ್ನು ಕೊಯ್ಯುತ್ತಿದ್ದವರು ಗಂಜಿ ಉಂಡು ಮರದ ನೆರಳಲ್ಲಿ ಕೂತಿದ್ದರು. ಹತ್ತು ಹದಿನೈದು ಹೆಂಗಸರು, ಮೂವರು ಗಂಡಸರು. ಹೊನ್ನಮ್ಮ ದೂರದ ತಮ್ಮ ಗದ್ದೆಯಲ್ಲಿದ್ದರು. ಇನ್ನೂ ಅರ್ಧ ಬಾಕಿಯಿತ್ತು.

ನಾನು ಯಾರೆಂದು ಹೇಳಿ ಹಾಳೆ ಬಿಚ್ಚಿದೆ. ಅಕ್ಷರಗಳು ನನ್ನದೇ, ಆದರೂ ತಡವರಿಸಿದೆ. "ಆ ದಿನ ನಾನು ರಸ್ತೆಯ ಮೇಲೆ ನಿಂತಿದ್ದೆ. ಮನೆಯೊಳಗೆ ನಡೆದದ್ದನ್ನು ನೋಡಿಲ್ಲ, ಯಾರನ್ನೂ ಕೇಳಿಲ್ಲ. ಹೊನ್ನಮ್ಮ ಎಂಬವರು ತಮ್ಮ ಮನೆಗೆ ಬಂದ ಕಾಯಿಲೆಯ ಹೆಂಗಸಿಗೆ ನೀರು ಕೊಟ್ಟರು. ಅವರು ಯಾರಿಂದಲೂ ಏನನ್ನೂ ತೆಗೆದುಕೊಂಡಿಲ್ಲ. ಅವರನ್ನು ಸಹನಟಿ ಎಂದು ಬರೆದದ್ದು ಸುಳ್ಳು. ಆ ಸುಳ್ಳು ನನ್ನದು." ಅಷ್ಟೇ ಇತ್ತು.

ಒಬ್ಬ ಹೆಂಗಸು ಕೇಳಿದಳು, "ಹಂಗಾರೆ ಸೀರೆ?"

"ಸೀರೆ ಯಾರೂ ಕೊಟ್ಟಿಲ್ಲ."

"ಇದು ಪೇಪರ್ನಲ್ಲಿ ಬತ್ತದ್ಯಾ?"

"ಇಲ್ಲ. ಅವರು ಹಾಕುದಿಲ್ಲ ಅಂದ್ರು."

ಗಂಡಸರಲ್ಲಿ ಒಬ್ಬರು ನಕ್ಕು ಎದ್ದರು. "ಓಟೆಲ್ಲ ಮುಗುದ್ಮೇಲೆ ಬಂದ್ಯಲ್ಲ ಮಾರಾಯ. ಹೋಗು, ಕೆಲ್ಸ ಬಾಕಿ ಇದೆ." ಉಳಿದವರೂ ಕತ್ತಿ ತೆಗೆದುಕೊಂಡು ಗದ್ದೆಗೆ ಇಳಿದರು.

ನಾನು ಹೊನ್ನಮ್ಮನ ಹತ್ತಿರ ಹೋದೆ. ಓದಿದ್ದು ಅವರಿಗೆ ಕೇಳಿಸಿತ್ತು ಅಥವಾ ಕಂಡಿತ್ತು. "ಓದ್ದ್ಯಲ್ಲ" ಎಂದರು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅವರ ಮನೆಯ ಜಗಲಿಯ ಮೇಲೆ ಇನ್ನೊಂದು ಕತ್ತಿಯಿತ್ತು. ಕೇಳದೆ ತೆಗೆದುಕೊಂಡೆ. ನಮ್ಮೂರಲ್ಲಿ ಜೋಳ ಕೊಯ್ದವನು ನಾನು, ಭತ್ತ ಗೊತ್ತಿರಲಿಲ್ಲ. ನಾನು ಕೊಯ್ದ ಹಿಡಿಗಳು ಉದ್ದ ಗಿಡ್ಡವಾಗುತ್ತಿದ್ದವು. ಅವರು ನೋಡಿ ಮುಂದಿನ ಸಾಲಿಗೆ ಹೋದರು.

ಮುಂದಿನ ವರ್ಷ ನನಗೆ ವಿಜಾಪುರಕ್ಕೆ ವರ್ಗವಾಯಿತು. ತೊಂಬತ್ತರ ದಶಕದ ನಡುವೆ ಮಾಸ್ತರರ ಒಂದು ಕಾರ್ಡು ಬಂದಿತ್ತು. ಆ ಗದ್ದೆ, ಮನೆ ಎಲ್ಲ ನೌಕಾನೆಲೆಗೆ ಹೋಗಿ ಹೊನ್ನಮ್ಮ ಮಗಳ ಮನೆ ಸೇರಿದರು ಎಂದು. ಹಟ್ಟಿಕೇರಿಗೆ ಹೋಗಿ ನೋಡಬಹುದಿತ್ತು. ಹೋಗಲಿಲ್ಲ. ಏನೆಂದು ಹೇಳಿಕೊಂಡು ಹೋಗುವುದು ಎಂಬುದೇ ತಿಳಿಯಲಿಲ್ಲ.

ಆದರೆ ಹಾಳೆ ಓದಿದ ಆ ದಿನ ನಾಲ್ಕರ ಬಿಸಿಲಿನಲ್ಲಿ, ನಾನು ಸೊಂಟ ನೆಟ್ಟಗೆ ಮಾಡಿಕೊಳ್ಳಲು ಎದ್ದಾಗ, ಗದ್ದೆಯ ಆಚೆ ತುದಿಯಲ್ಲಿ ಇನ್ನೊಬ್ಬರು ಬಗ್ಗಿ ಕೊಯ್ಯುತ್ತಿದ್ದರು. ಸೀರೆಯ ವಿಷಯ ಕೇಳಿದ ಹೆಂಗಸು. ಯಾವಾಗ ಬಂದಳೋ ನಾನು ನೋಡಿರಲಿಲ್ಲ. ಹೊನ್ನಮ್ಮ ನೋಡಿದ್ದರು. ತುಂಬ ಹೊತ್ತು ಇಬ್ಬರೂ ಕೊಯ್ದರು. ಕತ್ತಿಯ ಸದ್ದು ಆ ಬದಿಯಿಂದ ಹತ್ತಿರ ಬರುತ್ತಿತ್ತು. ಕೊನೆಗೆ ಹೊನ್ನಮ್ಮ ತಲೆಯೆತ್ತದೆ ಕೇಳಿದರು.

"ಈಗ ಬಂದ್ಯನೇ?"

"ನಮ್ಮನೆದ್ದು ಈಗ ಮುಗೀತು" ಎಂದಳು ಅವಳು.

ಆಮೇಲೆ ಅವರಿಬ್ಬರು ಆ ಹೆಂಗಸಿನ ಮನೆಯ ಎಮ್ಮೆಯ ವಿಷಯ ಮಾತಾಡತೊಡಗಿದರು. ನಾನು ಕತ್ತಿಯನ್ನು ಬದುವಿನ ಮೇಲಿಟ್ಟು ರಸ್ತೆಗೆ ಹೋದೆ.